ಕೋದಂಡಪ್ಪನ ಕಾರು ಯಾರ ಕಾರು?

ಹಿಂದಿನ ಎಡಗಡೆ ಚಕ್ರಕ್ಕೆ ಮೂರನೆಯ ಚೊಂಬು ನೀರು ಸುರಿದು, ಹೆಂಡತಿಯ ಹಳೇ ಸೀರೆಯ ತುಂಡಿನಿಂದ ಕೋದಂಡಪ್ಪ ಉಜ್ಜುತ್ತಿದ್ದ. ಪಕ್ಕದ ಮನೆಯ ಮುನಿರತ್ನಮ್ಮ ಸಗಣಿ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಬಂದು ನಿಂತು, ಕಾರನ್ನು ಮೂತಿಯಿಂದ ಬಾಲದವರೆಗೆ ನೋಡಿದಳು.

“ಅಣ್ಣಾ, ಇವತ್ತಾದ್ರೂ ಹೇಳು. ಇದು ಯಾರ ಕಾರು?”

“ನಂದೇ ಕಣಮ್ಮ.”

“ನಿಂದೂಂತ ನಂಗೊತ್ತಿಲ್ವಾ? ದಿನಾ ತೊಳೀತೀಯ. ಯಾರ ಕಾರೂಂತ ಕೇಳ್ದೆ.”

ಕೋದಂಡಪ್ಪನ ಕೈ ನಿಂತಿತು. ಬೇರೆ ಊರಿನವರಿಗೆ ಇದು ಮೊದ್ದು ಪ್ರಶ್ನೆಯೆನ್ನಿಸಬಹುದು. ಬಂಗಾರಪೇಟೆಯಲ್ಲಿ ಹಾಗಲ್ಲ. ಅಂಬಾಸಿಡರ್ ಬಂದರೆ ಒಳಗೆ ಮದುಮಗ, ಇಲ್ಲವೇ ತಹಸೀಲ್ದಾರ. ಫಿಯಟ್ ಬಂದರೆ ಡಾಕ್ಟರು. ಜೀಪು ಬಂದರೆ ಪೋಲೀಸು, ಹಿತ್ತಲ ಬಾಗಿಲಿನಿಂದ ಯಾರಾದರೂ ಓಡಬೇಕು. ಒಳಗಿರುವವರ ಮುಖ ಕಾಣುವ ಮೊದಲೇ ಜನ ಕೈ ಮುಗಿಯುವುದೋ, ನಾಲಗೆ ತೋರಿಸುವುದೋ, ಓಡುವುದೋ ತೀರ್ಮಾನಿಸಿಬಿಡುತ್ತಿದ್ದರು. ಕೋದಂಡಪ್ಪನ ಕಾರನ್ನು ಕಂಡರೆ ಮಾತ್ರ ಯಾವುದನ್ನು ಮಾಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದರು.

ಕಾರಿನ ಹೆಸರು ಕಿಯೊಮಿ. ಜಪಾನಿನದು. ಕಾಮಸಮುದ್ರದ ಕಡೆಯ ಕರಿಕಲ್ಲನ್ನು ಕೊಂಡು ತನ್ನ ದೇಶದ ಸಮಾಧಿಗಳಿಗೆ ಸಾಗಿಸುತ್ತಿದ್ದ ಒಬ್ಬ ಜಪಾನಿ ಸಾಹೇಬ ಅದನ್ನು ಹಡಗಿನಲ್ಲಿ ತರಿಸಿಕೊಂಡಿದ್ದ. ಎರಡು ವರ್ಷ ಅದನ್ನು ಓಡಿಸಿದವನು ಕೋದಂಡಪ್ಪ. ಸಾಹೇಬ ಊರಿಗೆ ಹೊರಟಾಗ, ಕೋದಂಡಪ್ಪ ಹದಿನೆಂಟು ವರ್ಷ ಅನ್ನ ಹಾಕಿದ ತನ್ನ ಅಂಬಾಸಿಡರನ್ನು ತನ್ನದೇ ಟ್ಯಾಕ್ಸಿ ಸ್ಟ್ಯಾಂಡಿನ ಚಿಕ್ಕಮುನಿಯಪ್ಪನಿಗೆ ಮಾರಿ, ಇದನ್ನು ಕೊಂಡುಬಿಟ್ಟ. ಮೆತ್ತನೆಯ ಚರ್ಮದ ಸೀಟು, ಗುಂಡಿ ಒತ್ತಿದರೆ ಇಳಿಯುವ ಗಾಜು, ಇಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಬಗ್ಗಿ ಕಿವಿಗೊಟ್ಟು ಕೇಳಬೇಕು. ಬಣ್ಣ ಬೂದಿಗೂ ಬೆಳ್ಳಿಗೂ ನಡುವಿನದು. ಮೂತಿಯ ಮೇಲೊಂದು ಬಿಲ್ಲೆ. ಅದನ್ನು ಹೆಂಡತಿ ಆದಿಲಕ್ಷ್ಮಮ್ಮ ಒಡೆದ ಬಳೆ ಎಂದಳು, ಚಿಕ್ಕಮುನಿಯಪ್ಪ ಗೋಡಂಬಿ ಎಂದ, ದೇವಸ್ಥಾನದ ಪೂಜಾರಿ ಅರ್ಧ ಅಳಿಸಿದ ನಾಮ ಎಂದು ಹೇಳಿ ಯಾವುದಕ್ಕೂ ಇರಲೆಂದು ಒಂದು ಹೂವಿಟ್ಟರು.

ಇಂಥ ಕಾರನ್ನು ಯಾರೂ ಬಾಡಿಗೆಗೆ ಕರೆಯದೆ ಹೋದದ್ದು ಒಂದು ಕಷ್ಟ. ಅದಕ್ಕಿಂತ ದೊಡ್ಡ ಕಷ್ಟ ಮದರಾಸಿನಿಂದ ಬಂದ ಕಾಗದ.

ಕಾಗದ ಇಂಗ್ಲಿಷಿನಲ್ಲಿತ್ತು. ಪೋಸ್ಟ್ ಮಾಸ್ತರ ಶ್ರೀರಾಮಪ್ಪನವರು ಕನ್ನಡಕವನ್ನು ಹಣೆಗೂ ಮೂಗಿಗೂ ಎರಡು ಸಲ ಓಡಾಡಿಸಿ ಓದಿ ಹೇಳಿದ್ದರು. “ಕಿಯೊಮಿ ಕಂಪನಿಯ ಏಜೆಂಟರು ಬರೆದಿದ್ದಾರೆ ಕೋದಂಡಪ್ಪ. ‘ನಮ್ಮದು ದೊಡ್ಡವರ ಕಾರು. ಎಷ್ಟು ಚೆನ್ನಾಗಿ ಮಾಡಿದರೂ ಜನರ ಮನಸ್ಸಿನಲ್ಲಿ ನಿಲ್ಲುತ್ತಿಲ್ಲ. ಕಾರಣ ತಿಳಿಯಬೇಕಾಗಿದೆ. ಕೆಳಗಿನ ಮೂರು ಪ್ರಶ್ನೆಗೆ ಉತ್ತರಿಸತಕ್ಕದ್ದು.’ ಒಂದು, ಕಾರಿನ ನಂಬರು. ಎರಡು, ಎಷ್ಟು ಮೈಲಿ ಓಡಿದೆ. ಮೂರು, ನಮ್ಮ ಕಾರನ್ನು ಕಂಡೊಡನೆ ನಿಮ್ಮ ಊರಿನ ಜನರಿಗೆ ಯಾರ ನೆನಪಾಗುತ್ತದೆ?”

“ಯಾರ ನೆನಪಾ?”

“ಯಾರ ನೆನಪು. ಇನ್ನೂ ಇದೆ ಕೇಳು. ಉತ್ತರ ಬರೆಯದವರ ಹೆಸರನ್ನು ಮುಂದಿನ ಮಾರ್ಚಿ ಕೊನೆಗೆ ಪಟ್ಟಿಯಿಂದ ಹೊಡೆದುಹಾಕುತ್ತಾರಂತೆ. ಆಮೇಲೆ ಒಂದು ತಿರುಪು ಬೇಕೆಂದರೂ ಕೊಡುವುದಿಲ್ಲ. ಉತ್ತರ ದಿಟವೋ ಅಲ್ಲವೋ ನೋಡಲು ಅವರ ಕಡೆಯವರೊಬ್ಬರು ಬರಬಹುದಂತೆ. ಸುಳ್ಳು ಬರೆದರೂ ಹೊಡೆದುಹಾಕುತ್ತಾರೆ.”

ಆ ಹೊತ್ತಿಗಾಗಲೇ ಬ್ರೇಕು ಕೀಚಲು ದನಿ ತೆಗೆಯಲು ಶುರುಮಾಡಿತ್ತು. ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ ಕುಪ್ಪುಸ್ವಾಮಿ ಕಾರಿನ ಕೆಳಗೆ ಅರ್ಧ ಗಂಟೆ ಮಲಗಿದ್ದು ಎದ್ದು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ. “ಅಣ್ಣೇ, ಬ್ರೇಕ್ ಪ್ಯಾಡು ಸವ್ದೋಗೈತೆ. ಬೆಂಗ್ಳೂರಾಗೆ ಸಿಗಲ್ಲ. ಕಂಪನೀನೇ ಕೊಡ್ಬೇಕು. ಮೆತ್ತಗೆ ಓಡ್ಸಿದ್ರೆ ಒಂದು ವರ್ಷ. ಆಮೇಲೆ ಕೋಳಿ ಸಾಕ್ಕೋ. ಸೀಟು ಮೆತ್ತಗೈತೆ, ಮೊಟ್ಟೆ ಒಡಿಯಾಕಿಲ್ಲ.”

ಕೋದಂಡಪ್ಪ ಕಾಗದ ತೆಗೆದುಕೊಂಡು ಕೂತ. ಮೊದಲೆರಡು ಪ್ರಶ್ನೆಗೆ ಆವತ್ತೇ ಉತ್ತರ ಬರೆದ. ಮೂರನೆಯದರ ಮುಂದೆ ‘ದೊಡ್ಡ ಮನುಷ್ಯರ ನೆನಪಾಗುತ್ತದೆ’ ಎಂದು ಬರೆಯಲು ಪೆನ್ನೆತ್ತಿದ. ಮದರಾಸಿನ ಸಾಹೇಬ ಬಂದು ಮುನಿರತ್ನಮ್ಮನನ್ನು ಕೇಳಿದರೆ? ಪೆನ್ನು ಇಳಿಸಿದ. ಮೊದಲು ಊರಿನವರಿಗೆ ದೊಡ್ಡ ಮನುಷ್ಯರ ನೆನಪು ತರಿಸಬೇಕು, ಆಮೇಲೆ ಬರೆಯಬೇಕು. ಪ್ರಾಮಾಣಿಕನಾದವನು ಇಷ್ಟು ಕಷ್ಟಪಟ್ಟು ಸುಳ್ಳನ್ನು ನಿಜ ಮಾಡಲು ಹೊರಟದ್ದು ನಮ್ಮ ತಾಲ್ಲೂಕಿನಲ್ಲಿ ಅದೇ ಮೊದಲು.

ಬೇತಮಂಗಲದ ಮದುವೆಯೊಂದಕ್ಕೆ ತಾನೇ ಹೋಗಿ, “ಗಂಡನ್ನ ನಾನ್ ಕರ್ಕೊಂಡ್ ಬತ್ತೀನಿ, ಪೆಟ್ರೋಲ್ ಹಾಕ್ಸಿದ್ರೆ ಸಾಕು,” ಎಂದು ಒಪ್ಪಿಸಿ ಬಂದ. ಮುಹೂರ್ತದ ಬೆಳಿಗ್ಗೆ ಕಾರಿಗೆ ಸೇವಂತಿಗೆ ಹಾರ ಹಾಕಿ ಗಂಡಿನ ಮನೆ ಮುಂದೆ ನಿಲ್ಲಿಸಿದ. ಗಂಡಿನ ಸೋದರಮಾವ ವೆಂಕಟೇಶಪ್ಪ ಕೊಳ್ಳುವ ಎತ್ತನ್ನು ನೋಡುವಂತೆ ಸುತ್ತ ಮೂರು ಸುತ್ತು ಬಂದ.

“ಸ್ಟಾರ್ಟ್ ಮಾಡು ನೋಡಣ.”

“ಆಗೈತಣ್ಣ. ಓಡ್ತಾ ಐತೆ.”

ವೆಂಕಟೇಶಪ್ಪನ ಮುಖ ಕಪ್ಪಿಟ್ಟಿತು. “ಏನ್ಲಾ, ತಮಾಷೆನಾ? ಸದ್ದೇ ಇಲ್ವಲ್ಲ! ಗಂಡು ಬತ್ತಾವ್ನೆ ಅಂತ ಊರಿಗೆ ಯಾರು ಹೇಳ್ಬೇಕು? ಊರಬಾಗಿಲಿಗೆ ಬಂದ್ರೆ ಒಂದು ನಾಯೀನೂ ಬೊಗಳಾಕಿಲ್ಲ. ನಮ್ಮುಡುಗ ಏನು ಕದ್ದು ಮದ್ವೆ ಆಗ್ತಾವ್ನಾ?”

“ಅಣ್ಣ, ಜಪಾನಿಂದು. ದೊಡ್ಡೋರ ಕಾರು.”

“ಯಾವ ದೊಡ್ಡೋರು? ಹೆಸ್ರು ಹೇಳು.”

ಕೋದಂಡಪ್ಪ ಬಗ್ಗಿ ಸೇವಂತಿಗೆ ಹಾರವನ್ನು ಸರಿಮಾಡತೊಡಗಿದ. ಅಷ್ಟರಲ್ಲಿ ಚಿಕ್ಕಮುನಿಯಪ್ಪನ ಅಂಬಾಸಿಡರ್ ನಾಲ್ಕು ಬೀದಿಗೆ ಕೇಳುವಂತೆ ಗೊರಗೊರ ಎನ್ನುತ್ತಾ, ಹೊಗೆ ಬಿಡುತ್ತಾ ಬಂತು. ನಾಯಿಗಳೆಲ್ಲ ಎದ್ದು ಬೊಗಳಿದವು. ಹೆಂಗಸರು ಆರತಿ ತಟ್ಟೆ ಎತ್ತಿಕೊಂಡರು. ಗಂಡು ಅದರಲ್ಲಿ ಹತ್ತಿದ. ಕಿಯೊಮಿಯ ಚರ್ಮದ ಸೀಟಿನ ಮೇಲೆ ಮೊಸರಿನ ಐದು ಮಡಕೆ ಹತ್ತಿದವು. ಪಕ್ಕದಲ್ಲಿ ಅಡಿಗೆಯವನು ಕೂತು ನಿದ್ದೆ ಹೋದ.

“ಮೊಸರು ಒಂದು ತೊಟ್ಟೂ ತುಳುಕಲಿಲ್ಲವಂತೆ,” ಎಂದಳು ಆದಿಲಕ್ಷ್ಮಮ್ಮ ರಾತ್ರಿ ಮುದ್ದೆ ಬಡಿಸುತ್ತಾ. “ಅದನ್ನೇ ಬರೀರಿ.”

“ದೊಡ್ಡೋರ ಕಾರು ಮಾಡೋ ಜಪಾನಿನೋರಿಗೆ ಮೊಸರು ಅಂತ ಬರೀಲೇನೆ? ಮೂರ್ನೇ ಪ್ರಶ್ನೆ ‘ಯಾರು’ ಅಂತ ಐತೆ, ‘ಏನು’ ಅಂತಿಲ್ಲ.”

“ಅಂಗಾದ್ರೆ ಅಡಿಗೆಯೋನ್ ಹೆಸ್ರು ಬರೀರಿ. ನೀವು ಬರೆಯೋದ್ರೊಳಗೆ ಆ ಜಪಾನಿನೋರೇ ಈ ಕಾರು ಯಾರ್ದು ಅಂತ ಮರೀತಾರೆ.”

ಶ್ರೀರಾಮಪ್ಪನವರು ಜ್ಞಾಪನದ ಕಾಗದ ತಂದುಕೊಟ್ಟರು. ಎರಡು ತಿಂಗಳಿಗೆ ಇನ್ನೊಂದು ತಂದರು. ಎರಡನೆಯದರಲ್ಲಿ ‘ದಯವಿಟ್ಟು’ ಎಂಬ ಮಾತು ಇರಲಿಲ್ಲವೆಂದು ಅವರೇ ಬೆರಳಿಟ್ಟು ತೋರಿಸಿದರು.

ಕೋದಂಡಪ್ಪ ಯೋಚಿಸಿದ. ಮದುಮಗ ಆಗದಿದ್ದರೆ ಆಫೀಸರು. ಆಫೀಸರ ಕಾರಿಗೆ ಏನಿರುತ್ತದೆ? ಪರದೆ ಇರುತ್ತದೆ. ಮುಂದೆ ಬಾವುಟ ಸಿಕ್ಕಿಸುವ ಕಡ್ಡಿ ಇರುತ್ತದೆ. ಆದಿಲಕ್ಷ್ಮಮ್ಮನ ಹಸಿರು ಸೀರೆಯೊಂದು ಪರದೆಯಾಯಿತು. ಕುಪ್ಪುಸ್ವಾಮಿ ಸೈಕಲ್ಲಿನ ಚಕ್ರದ ಕಡ್ಡಿಯೊಂದನ್ನು ಮೂತಿಗೆ ನೆಟ್ಟುಕೊಟ್ಟ. ಬಾವುಟ ಹಾಕಲು ಧೈರ್ಯ ಸಾಲದೆ ಕಡ್ಡಿಗೆ ಒಂದು ಚೀಲ ತೊಡಿಸಿದ, ಬಾವುಟ ಒಳಗಿದೆ ಎಂದು ನೋಡಿದವರು ತಾವೇ ಅಂದುಕೊಳ್ಳಲಿ ಎಂದು. ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು, ಹಿಂದೆ ಯಾರೂ ಇಲ್ಲದ ಕಾರನ್ನು ಊರಿಗಾಮಿನ ಚಿನ್ನದ ಗಣಿಯ ಕೂಲಿಗಳ ಸಾಲುಮನೆಗಳಾದ ಲೈನುಗಳ ಕಡೆ ತಿರುಗಿಸಿದ. ಬಂಗಾರಪೇಟೆಯವರಿಗೆ ತನ್ನ ಮುಖ ಗೊತ್ತು, ಅಲ್ಲಿಯವರಿಗೆ ಗೊತ್ತಿಲ್ಲ ಎಂಬುದು ಲೆಕ್ಕಾಚಾರ.

ಅವನು ಮರೆತ ಸಂಗತಿ ಒಂದೇ. ಗಂಡಸರೆಲ್ಲ ನೆಲದಡಿ ಇಳಿದಿರುವ ಹೊತ್ತಿನಲ್ಲಿ, ಪರದೆ ಹಾಕಿದ ಕಾರು ಸದ್ದಿಲ್ಲದೆ ಲೈನಿನೊಳಗೆ ಬಂದರೆ ಅಲ್ಲಿನ ಹೆಂಗಸರಿಗೆ ಅದರ ಅರ್ಥ ಒಂದೇ. ಕೆಳಗೆ ಬಂಡೆ ಸಿಡಿದಿದೆ. ಯಾರದೋ ಮನೆಗೆ ಸುದ್ದಿ ಬಂದಿದೆ.

ನಲ್ಲಿಯ ಹತ್ತಿರ ಸಾಲಿನಲ್ಲಿ ನಿಂತಿದ್ದ ಕನಕಮ್ಮನ ಕೈಯಿಂದ ಬಿಂದಿಗೆ ಜಾರಿತು. ಆ ಸದ್ದಿಗೆ ಇಪ್ಪತ್ತು ಬಾಗಿಲು ತೆರೆದವು. ಒಂದು ನಿಮಿಷದೊಳಗೆ ಕಿಯೊಮಿಯ ನಾಲ್ಕು ಕಡೆಯೂ ಹೆಂಗಸರು.

“ಅಯ್ಯೋ ಸಾಮಿ, ಯಾವ ಮನೆ? ಹೇಳು ಸಾಮಿ!”

“ಯಾವ ಮನೇನೂ ಇಲ್ಲ ಕಣಮ್ಮ. ಸುಮ್ನೆ ಬಂದೆ.”

“ಸುಮ್ನೆ! ಆಫೀಸರ್ ಕಾರು ಸುಮ್ನೆ ಬರುತ್ತಾ? ಹೋದ ಸಲಾನೂ ಹೀಗೇ, ಮೊದ್ಲು ಸುಮ್ನೆ ಅಂದ್ರು, ಆಮೇಲೆ ಹೇಳಿದ್ರು. ಎಷ್ಟು ಜನ ಸಾಮಿ?”

“ಯಾರಿಗೂ ಏನೂ ಆಗಿಲ್ಲ ತಾಯಿ, ನನ್ನಾಣೆ!”

“ನಿನ್ನ ಆಣೆ ಯಾರಿಗಪ್ಪಾ ಬೇಕು? ಪರದೆ ತೆಗಿ, ಒಳಗೆ ಯಾರಿದಾರೆ ನೋಡ್ತೀವಿ!”

ಪರದೆ ಸರಿಸಿದರೆ ಒಳಗೆ ಯಾರೂ ಇಲ್ಲ. ಹೆದರಿಕೆ ಇನ್ನೂ ಹೆಚ್ಚಾಯಿತು. ಸುದ್ದಿ ತಂದ ಆಫೀಸರು ಮುಖ ತೋರಿಸಲಾರದೆ ನಡುದಾರಿಯಲ್ಲೇ ಇಳಿದಿದ್ದಾರೆ ಎಂದು ಒಬ್ಬಳು ಹೇಳಿದಳು. ಎಲ್ಲರೂ ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡಿದರು. ಕೋದಂಡಪ್ಪನೂ, ಏನೂ ಆಗಿಲ್ಲವೆಂದು ಕೂಗುತ್ತಾ, ಅವರ ಹಿಂದೆಯೇ ಓಡಿದ. ಅವನು ಓಡುವುದನ್ನು ಕಂಡು ಏನೋ ಆಗಿದೆಯೆಂದು ಉಳಿದ ಲೈನುಗಳವರೂ ಓಡಿದರು.

ಮುಕ್ಕಾಲು ಗಂಟೆಯ ಮೇಲೆ ಪಾಳಿ ಮುಗಿಸಿ ಗಂಡಸರು ಮೇಲೆ ಬಂದರು. ಮುಖಕ್ಕೆಲ್ಲ ಧೂಳು ಮೆತ್ತಿಕೊಂಡು, ಎಂದಿನಂತೆ, ಎಲ್ಲರೂ. ತಮ್ಮ ತಮ್ಮ ಹೆಂಡಿರು ಶಾಫ್ಟಿನ ಬಾಯಿಯಲ್ಲಿ ಅಳುತ್ತಾ ನಿಂತಿರುವುದನ್ನು ಕಂಡು, ಮನೆಯಲ್ಲಿ ಏನೋ ಆಗಿದೆಯೆಂದು ಅವರು ಗಾಬರಿಯಾದರು. ಯಾರಿಗೂ ಏನೂ ಆಗಿಲ್ಲವೆಂದು ಎರಡು ಕಡೆಯವರಿಗೂ ತಿಳಿದಾಗ, ಆಗಬೇಕಾದದ್ದು ಒಬ್ಬನಿಗೆ ಮಾತ್ರ ಎಂದು ಎಲ್ಲರೂ ಒಟ್ಟಾಗಿ ತಿರುಗಿದರು.

ಪೋಲೀಸು ಬಂದದ್ದು ಕೋದಂಡಪ್ಪನ ಪುಣ್ಯ. ಇನ್ಸ್‌ಪೆಕ್ಟರು ಕಾರಿನ ಸುತ್ತ ನಡೆದರು.

“ಇದು ಯಾರ ಕಾರು?”

“ನಂದು ಸ್ವಾಮಿ.”

“ಒಳಗಿದ್ದವರು?”

“ಯಾರೂ ಇಲ್ಲ ಸ್ವಾಮಿ.”

“ಯಾರೂ ಇಲ್ಲದೆ ಇಷ್ಟು ದೊಡ್ಡ ಕಾರಾ? ಪರದೆ ಯಾರಿಗೆ ಮತ್ತೆ? ಈ ಚೀಲದಲ್ಲಿ ಏನಿದೆ?”

“ಕಡ್ಡಿ ಸ್ವಾಮಿ.”

“ಕಡ್ಡಿಗೆ ಚೀಲ ಯಾಕೆ?”

ಉತ್ತರವಿಲ್ಲದ ಪ್ರಶ್ನೆಗಳು ಆ ವರ್ಷ ಕೋದಂಡಪ್ಪನನ್ನು ಹುಡುಕಿಕೊಂಡು ಬರುತ್ತಿದ್ದವು. ಇನ್ಸ್‌ಪೆಕ್ಟರು ಕಡ್ಡಿಯನ್ನೂ ಪರದೆಯನ್ನೂ ಕೀಳಿಸಿ, ಮುಚ್ಚಳಿಕೆ ಬರೆಸಿಕೊಂಡು, ಕಳಿಸಿಕೊಟ್ಟರು. ಸೀರೆ ಠಾಣೆಯಲ್ಲೇ ಉಳಿಯಿತು. ಆ ವಿಷಯವಾಗಿ ಆದಿಲಕ್ಷ್ಮಮ್ಮ ಒಂದು ವಾರ ಮಾತಾಡಿದಳು, ಮೂರು ದಿನ ಮಾತಾಡಲಿಲ್ಲ. ಮಾತಾಡದ ಮೂರು ದಿನವೇ ಹೆಚ್ಚು ಕಷ್ಟವಾಯಿತು.

ಜನವರಿ ಕಳೆಯಿತು. ಬ್ರೇಕು ಈಗ ಕೀಚಲು ಬಿಟ್ಟು ನರಳಲು ಕಲಿತಿತ್ತು. ಒಂದು ಮಧ್ಯಾಹ್ನ ಬೇರೆ ಕಾರು ಸಿಗದೆ ಹತ್ತಿದ್ದ ಬಾಡಿಗೆಯವರನ್ನು ಕಾಮಸಮುದ್ರದಲ್ಲಿ ಇಳಿಸಿ ವಾಪಸು ಬರುತ್ತಿದ್ದಾಗ, ಒಂದು ಹಳ್ಳಿಯ ಮುಂದೆ ಚಿಕ್ಕಮುನಿಯಪ್ಪನ ಅಂಬಾಸಿಡರ್ ಬಾಗಿಲು ತೆರೆದುಕೊಂಡು ನಿಂತಿತ್ತು. ಪಕ್ಕದಲ್ಲಿ ಕೂಲಿ ಮಾಡುವ ಮುನಿಶಾಮಿ ಟವೆಲು ಹಿಂಡುತ್ತಾ ನಿಂತಿದ್ದ. ಜಗುಲಿಯ ಮೇಲೆ ಅವನ ಹೆಂಡತಿ ಮುನಿನಾರಾಯಣಮ್ಮ ತುಂಬುಬಸುರಿ, ಹಲ್ಲು ಕಚ್ಚಿಕೊಂಡು ಕೂತಿದ್ದಳು. ಮಗು ಅಡ್ಡ ತಿರುಗಿದೆ, ಆಸ್ಪತ್ರೆಗೇ ಹೋಗಬೇಕು, ಬಸ್ಸಿಗೆ ಇನ್ನೂ ಎರಡು ಗಂಟೆ. ಸೂಲಗಿತ್ತಿ ಮುತ್ಯಾಲಮ್ಮ ಅಂಬಾಸಿಡರಿನ ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿದಳು. ಅದು ಕಿರ್ರೆಂದು ಪುಟಿದು ಅವಳ ಕೈಗೇ ಹೊಡೆಯಿತು.

“ಥೂ! ಇದ್ರಾಗೆ ಕೂರ್ಸಿದ್ರೆ ಬಂಗಾರಪೇಟೆ ಸೇರೋದ್ರೊಳಗೆ ಮಗೂನೂ ಉದುರ್ತೈತೆ, ನನ್ನ ಉಳಿದ ನಾಕು ಹಲ್ಲೂ ಉದುರ್ತಾವೆ.”

“ಏನಮ್ಮಾ, ತಹಸೀಲ್ದಾರ್ರು ಕೂರೋ ಕಾರಿದು!” ಎಂದ ಚಿಕ್ಕಮುನಿಯಪ್ಪ.

“ತಹಸೀಲ್ದಾರ್ರಿಗೆ ಎಂಟು ತಿಂಗ್ಳು ತುಂಬೈತೇನ್ಲಾ?”

ಮುತ್ಯಾಲಮ್ಮ ರಸ್ತೆಗೆ ಬಂದು ಕಿಯೊಮಿಗೆ ಅಡ್ಡ ನಿಂತಳು. ಕೋದಂಡಪ್ಪ ಬ್ರೇಕು ತುಳಿದ. ಕಾರು ನರಳುತ್ತಾ ಅವಳ ಸೀರೆಯ ನೆರಿಗೆಗೆ ತಾಗಿ ನಿಂತಿತು. ಅವಳು ಹಿಂದಿನ ಬಾಗಿಲು ತೆರೆದು ಸೀಟು ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ ಯಾರನ್ನೂ ಕೇಳದೆ, “ಕರ್ಕೊಂಡ್ ಬನ್ರೋ ಹುಡ್ಗೀನ,” ಎಂದಳು.

“ಅಮ್ಮಾ, ಇದು ದೊಡ್ಡೋರ...” ಎಂದು ಕೋದಂಡಪ್ಪ ಶುರುಮಾಡಿದ.

“ದೊಡ್ಡೋರೆಲ್ಲ ಇಂಗೇ ಬಂದೋರು. ನಡೀಲಾ!”

ಆ ದಾರಿಯನ್ನು ಕೋದಂಡಪ್ಪ ಉಸಿರು ಹಿಡಿದುಕೊಂಡೇ ಓಡಿಸಿದ. ಇಳಿಜಾರು ಕಂಡರೆ ದೇವರ ಹೆಸರು ಹೇಳಿದ, ಎಮ್ಮೆ ಕಂಡರೆ ಎಮ್ಮೆಯ ಕಾಲಿಗೆ ಮನಸ್ಸಿನಲ್ಲೇ ಬಿದ್ದ. ಹಿಂದೆ ಮುನಿನಾರಾಯಣಮ್ಮ ಒಂದು ಸಲ ನರಳಿದರೆ ಬ್ರೇಕು ಎರಡು ಸಲ ನರಳಿತು. ಬಂಗಾರಪೇಟೆಯ ರೈಲ್ವೆ ಗೇಟು ಮುಚ್ಚಿತ್ತು. ರೈಲು ಹೋಗಿಯಾಗಿತ್ತು, ಎರಡು ಕಡೆಯೂ ಲಾರಿ ಬಸ್ಸು ಹಾರನ್ ಹೊಡೆಯುತ್ತಿದ್ದವು, ಗೇಟಿನವನು ಯಾರಿಗೆ ಮೊದಲು ದಾರಿ ಕೊಡುವುದೆಂದು ಬೀಡಿ ಹಚ್ಚಿಕೊಂಡು ಯೋಚಿಸುತ್ತಿದ್ದ.

“ಯಾರ ಕಾರು ಅದು, ಮುಂದೆ ನುಗ್ತಾ ಇರೋದು?” ಎಂದು ಕೂಗಿದ.

ಮುತ್ಯಾಲಮ್ಮ ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ ಉತ್ತರ ಕೊಟ್ಟಳು. “ಎರಿಗೆ ಕಾರು ಕಣ್ಲಾ! ತೆಗಿ ಗೇಟು! ಇಲ್ಲಾಂದ್ರೆ ಇಳಿದ್ ಬಂದು ಬಿಸ್ನೀರು ಕಾಯ್ಸು!”

ಗೇಟು ಎದ್ದಿತು. ಲಾರಿಗಳು ಪಕ್ಕಕ್ಕೆ ಸರಿದವು. ಬಸ್ಸಿನ ಕಂಡಕ್ಟರು ಇಳಿದು ಎತ್ತಿನ ಗಾಡಿಯೊಂದನ್ನು ತಾನೇ ಹಿಂದಕ್ಕೆ ತಳ್ಳಿದ. ಅಂಬಾಸಿಡರಿನಲ್ಲಿ ಮಂತ್ರಿ ಬಂದಿದ್ದರೂ ಅಷ್ಟು ಬೇಗ ದಾರಿಯಾಗುತ್ತಿರಲಿಲ್ಲ. ಒಂದು ಗಂಟೆಯ ಮೇಲೆ ಆಸ್ಪತ್ರೆಯ ಒಳಗಿನಿಂದ ಗಂಡು ಮಗುವಿನ ಅಳು ಕೇಳಿಸಿತು. ತಾಯಿ ಕ್ಷೇಮ. ಹೊರಗೆ ಕಲ್ಲುಬೆಂಚಿನ ಮೇಲೆ ಮುನಿಶಾಮಿಯೂ ಕೋದಂಡಪ್ಪನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ದಾದಿ ಬಂದು ಇಬ್ಬರಲ್ಲಿ ತಂದೆ ಯಾರು ಎಂದು ಕೇಳಬೇಕಾಯಿತು.

ಆಮೇಲೆ ಕಿಯೊಮಿಗೆ ಬಿಡುವಿಲ್ಲ. ಕಾಮಸಮುದ್ರದಿಂದ, ಬೇತಮಂಗಲದಿಂದ ಗಂಡಂದಿರು ಸೈಕಲ್ ತುಳಿದುಕೊಂಡು ಬಂದು ಮುಂಗಡವಾಗಿ ತಿಂಗಳು ಹೇಳಿ ಹೋಗತೊಡಗಿದರು. ಮೂತಿಯ ಬಿಲ್ಲೆ ಗೋಡಂಬಿಯೂ ಅಲ್ಲ, ಒಡೆದ ಬಳೆಯೂ ಅಲ್ಲ, ಮಗು ಹೊಟ್ಟೆಯಲ್ಲಿ ಮುದುರಿ ಮಲಗಿರುವ ಚಿತ್ರ ಎಂದು ಮುತ್ಯಾಲಮ್ಮ ತೀರ್ಪು ಕೊಟ್ಟಳು. ನೋಡಿದವರಿಗೆಲ್ಲ ಹಾಗೆಯೇ ಕಂಡಿತು. ಇಷ್ಟು ದಿನ ಹೇಗೆ ಕಾಣದೆ ಹೋಯಿತೆಂದು ಪೂಜಾರಿಗಳು ನಾಚಿಕೊಂಡರು. ‘ಯಾರ ಕಾರು’ ಎಂದು ಈಗ ಯಾರೂ ಕೇಳುತ್ತಿರಲಿಲ್ಲ.

ಕೋದಂಡಪ್ಪ ಮಾತ್ರ ದಿನವೂ ಮದರಾಸಿನ ಕಾಗದ ತೆಗೆದು ನೋಡಿ, ಮಡಿಸಿಡುತ್ತಿದ್ದ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಚಿಕ್ಕಮುನಿಯಪ್ಪ ಎಲ್ಲರ ಮುಂದೆ ಹೇಳಿದ್ದ. “ಇನ್ನು ಮದ್ವೆ ಮಾತು ಮರ್ತ್‌ಬಿಡಣ್ಣ. ಮದುವಣಗಿತ್ತಿ ನಿನ್ನ ಕಾರ್ನಾಗೆ ಬಂದಿಳಿದ್ರೆ, ತಾಳಿ ಕಟ್ಟೋಕ್ ಮುಂಚೇನೇ ನೆಂಟ್ರೆಲ್ಲ ಬೆರಳು ಮಡಚಿ ತಿಂಗ್ಳು ಎಣಿಸ್ತಾರೆ.” ದೊಡ್ಡವರ ಕಾರು ಮಾಡಿದ ಆ ಮಹಾ ಕಂಪನಿಗೆ, ನಿಮ್ಮ ಕಾರು ಕಂಡರೆ ನಮ್ಮ ಊರಿನವರಿಗೆ ಬಸುರಿಯರ ನೆನಪಾಗುತ್ತದೆ ಎಂದು ಯಾವ ಕೈಯಿಂದ ಬರೆಯುವುದು? ಓದಿ ಸಿಟ್ಟಾಗಿ ಪಟ್ಟಿಯಿಂದ ಹೊಡೆದುಹಾಕಿದರೆ? ಬರೆಯದಿದ್ದರೂ ಹೊಡೆದುಹಾಕುತ್ತಾರೆ. ಸುಳ್ಳು ಬರೆದರೂ ಹೊಡೆದುಹಾಕುತ್ತಾರೆ.

ಮಾರ್ಚಿ ಇಪ್ಪತ್ತಾರಕ್ಕೆ ಕುಪ್ಪುಸ್ವಾಮಿ ಕಾರಿನ ಕೆಳಗಿನಿಂದ ತಲೆ ಮಾತ್ರ ಆಚೆ ಹಾಕಿದ. “ಅಣ್ಣೇ, ಇನ್ನು ಹದಿನೈದು ದಿನ. ಆಮೇಲೆ ಇದು ನೀನ್ ಹೇಳ್ದಲ್ಲಿ ನಿಲ್ಲಲ್ಲ, ಅದಕ್ಕೆ ಇಷ್ಟ ಬಂದಲ್ಲಿ ನಿಲ್ಲುತ್ತೆ. ಒಳಗೆ ಹೆಣ್ಮಕ್ಳನ್ನ ಕೂರ್ಸಬೇಡ.”

ಕೋದಂಡಪ್ಪ ಮನೆಗೆ ಬಂದು ಕೂತ. ಏಪ್ರಿಲ್ ತಿಂಗಳಿಗೆ ಹೇಳಿಹೋದವರು ಎಂಟು ಜನ. ಅಷ್ಟು ಹಳ್ಳಿಗಳ ದಾರಿ, ಅಷ್ಟು ಇಳಿಜಾರು ಕಣ್ಣಮುಂದೆ ಬಂದವು. ತನ್ನ ಮರ್ಯಾದೆ, ಜಪಾನಿನ ಮರ್ಯಾದೆ ಎರಡನ್ನೂ ತಕ್ಕಡಿಯ ಒಂದು ತಟ್ಟೆಗಿಟ್ಟು, ಆ ಎಂಟು ಜನರನ್ನು ಇನ್ನೊಂದಕ್ಕೆ ಕೂರಿಸಿದ. ತಕ್ಕಡಿ ಯಾವ ಕಡೆ ತೂಗಿತೆಂದು ಹೇಳಬೇಕಾಗಿಲ್ಲ, ಎಂಟೂ ಜನ ತುಂಬಿದವರು. ಪೆನ್ನು ತೆಗೆದ.

‘ಮಾನ್ಯರಿಗೆ ನಮಸ್ಕಾರ. ಮೂರನೆಯ ಪ್ರಶ್ನೆಗೆ ಉತ್ತರ. ನಿಮ್ಮ ಕಾರು ಕಂಡರೆ ನಮ್ಮವರಿಗೆ ದೊಡ್ಡ ಮನುಷ್ಯರ ನೆನಪಾಗುವುದಿಲ್ಲ. ನಾನು ಒಂದು ವರ್ಷ ಪ್ರಯತ್ನಪಟ್ಟೆ, ಆಗಲಿಲ್ಲ. ಇನ್ನೂ ಹುಟ್ಟದವರ ನೆನಪಾಗುತ್ತದೆ. ಅವರನ್ನು ಕುಲುಕದೆ ಆಸ್ಪತ್ರೆಗೆ ಮುಟ್ಟಿಸುವ ಕಾರು ಈ ಸೀಮೆಯಲ್ಲಿ ಬೇರೆ ಇಲ್ಲ. ನೀವು ಕಾರಣ ಕೇಳಿದ್ದೀರಿ. ಯಾರು ಕೂರಬೇಕೆಂದು ನೀವು ಮೊದಲೇ ತೀರ್ಮಾನಿಸಿದ್ದೀರಿ, ಯಾರು ಕೂತರೆಂದು ಬಂದು ನೋಡಲಿಲ್ಲ, ಅಷ್ಟೇ ಎಂದು ನನಗೆ ತೋರುತ್ತದೆ. ತಪ್ಪಿದ್ದರೆ ಕ್ಷಮಿಸಿ. ಬ್ರೇಕು ಕಳಿಸಿ. ಬರುವ ತಿಂಗಳು ಎಂಟು ಜನ ಇದ್ದಾರೆ.’

ಮರುದಿನ ಬೆಳಿಗ್ಗೆ, ಮಾಸ್ತರ ಮನೆಯ ಮುಂಭಾಗದಲ್ಲೇ ಇದ್ದ ಪೋಸ್ಟಾಫೀಸಿನ ಮುಂದೆ ಕಾರು ನಿಲ್ಲಿಸಿ ಒಳಗೆ ಹೋದ. ರಿಜಿಸ್ಟರ್ ಮಾಡಿಸಲು ಲಕೋಟೆ ಮುಂದಿಟ್ಟ. ಶ್ರೀರಾಮಪ್ಪನವರು ಗೋಂದು ಹಚ್ಚುವಷ್ಟರಲ್ಲಿ ಹೊರಗೆ ಗುಜುಗುಜು ಶುರುವಾಯಿತು. ಕಿಟಕಿಯ ಸರಳುಗಳ ನಡುವೆ ಮುನಿರತ್ನಮ್ಮನ ಮುಖ, ಅವಳ ಹಿಂದೆ ಮೂವತ್ತು ಮುಖ.

“ಮಾಸ್ತರ ಮನೇಗೆ ಕಾರು ಬಂದೈತೆ! ಯಾರ್ಗೆ ನೋವು?”

“ಮನೇಲಿ ಹೆಂಗಸ್ರು ಯಾರವ್ರೆ? ಅವರತ್ತೆ ಒಬ್ಬಳೇ ಅಲ್ವಾ ಇರೋದು?”

“ಆ ವಯಸ್ನಾಗಾ? ಶಿವಶಿವಾ! ಎಂಬತ್ತು ತುಂಬೈತೆ!”

“ಏನ್ ಕಾಲ ಬಂತಪ್ಪಾ. ಮುತ್ಯಾಲಮ್ಮನ್ನ ಕೂಗ್ರೋ ಯಾರಾದ್ರೂ!”

ಶ್ರೀರಾಮಪ್ಪನವರ ಕನ್ನಡಕ ಹಣೆಯಿಂದ ತಾನಾಗಿಯೇ ಮೂಗಿಗೆ ಇಳಿಯಿತು. “ಕೋದಂಡಪ್ಪ! ಮೊದಲು ಆ ಕಾರು ತೆಗಿ ಇಲ್ಲಿಂದ! ಈ ಕ್ಷಣ ತೆಗಿ!”

“ಮೊಹರು ಒತ್ತಿ ಸ್ವಾಮಿ,” ಎಂದ ಕೋದಂಡಪ್ಪ. ಒಂದು ವರ್ಷದಲ್ಲಿ ಅವನ ದನಿ ಅಷ್ಟು ಗಟ್ಟಿಯಾಗಿ ಹೊರಟದ್ದು ಅದೇ ಮೊದಲು. “ಒತ್ತಿದ ಮೇಲೆ ತೆಗೀತೀನಿ.”

ಒಳಗಿನಿಂದ ಮಾಸ್ತರ ಅತ್ತೆ, ಬಾಗಿಲಲ್ಲಿ ಯಾರು ಬಂದಿರುವುದೆಂದು ಕೇಳುತ್ತಾ ಗೋಡೆ ಹಿಡಿದುಕೊಂಡು ಬರುವ ಸದ್ದಾಯಿತು. ಹೊರಗೆ ಜನ ಬಾಗಿಲಿಗೆ ಒತ್ತಿದರು. ಶ್ರೀರಾಮಪ್ಪನವರು ಜೀವಮಾನದಲ್ಲಿ ಒತ್ತದ ಜೋರಿನಿಂದ ಲಕೋಟೆಯ ಮೇಲೆ ಮೊಹರು ಒತ್ತಿ, ಅದನ್ನು ಮದರಾಸಿನ ಚೀಲಕ್ಕೆ ಎಸೆದು, ಚೀಲದ ಬಾಯಿ ಬಿಗಿದು, ಸ್ಟೇಷನ್ನಿಗೆ ಹೊರಡಲು ನಿಂತಿದ್ದ ಸೈಕಲ್ಲಿನ ಮೇಲೆ ತಾವೇ ಹೇರಿಬಿಟ್ಟರು.